ಕಲಿಯಬೇಕಾದವರು ಯಾರು?



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ನಮ್ಮ ಈ ಐದು ತಾಲ್ಲೂಕುಗಳಿಗೆ ವರ್ಗವಾಗಿ ಬರುವ ಅಧಿಕಾರಿಗಳು, ವೈದ್ಯರು, ಬ್ಯಾಂಕಿನವರು, ಕೆಲವೊಮ್ಮೆ ಶಿಕ್ಷಕರು ಕೂಡ ಆಡುವ ಮಾತೊಂದಿದೆ: "ಇಲ್ಲಿಯವರಿಗೆ ಸರಿಯಾಗಿ ಕನ್ನಡ ಮಾತನಾಡಲು ಬರುವುದಿಲ್ಲ." ಮೂವತ್ತು ವರ್ಷಗಳಿಗೂ ಮಿಕ್ಕಿ ಈ ಸೀಮೆಯ ಶಾಲೆಗಳಲ್ಲಿ ಕನ್ನಡವನ್ನೇ ಬೋಧಿಸಿದ ನನಗೆ ಈ ಮಾತಿಗೆ ಉತ್ತರ ಕೊಡುವ ಹಕ್ಕು ಇದೆಯೆಂದು ಭಾವಿಸುತ್ತೇನೆ. ಆಡುವವರಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆ, ಕೇಳುವವರಿಗೆ ಬಾರದು. ಸಂಬಳ ಪಡೆದು ಸೇವೆಗೆಂದು ಬಂದವರು ಊರಿನ ಮಾತನ್ನು ಕಲಿಯಬೇಕೇ ಹೊರತು, ಅರ್ಜಿ ಹಿಡಿದು ಬಿಸಿಲಲ್ಲಿ ನಿಂತ ಮುದುಕಿ ಅವರ ಮಾತನ್ನು ಕಲಿಯಬೇಕಾಗಿಲ್ಲ.

ಮೊದಲು 'ಅಶುದ್ಧ' ಎಂಬ ಆರೋಪವನ್ನು ನೋಡೋಣ. ಪಠ್ಯಪುಸ್ತಕದ ಮನೆ, ಮಳೆ, ಹೊಟ್ಟೆಗಳು ನಮ್ಮ ಬಹುಪಾಲು ಹಳ್ಳಿಗಳಲ್ಲಿ ಮನಿ, ಮಳಿ, ಹೊಟ್ಟಿ ಆಗುತ್ತವೆ. ಬಾಯಿತಪ್ಪಿ ಆಡಿದ ಮಾತಾಗಿದ್ದರೆ ಒಂದು ಪದದಲ್ಲಿ ಹೀಗಾಗಿ ಇನ್ನೊಂದರಲ್ಲಿ ಹಾಗಾಗಬೇಕಿತ್ತು. ಸಾಲುಸಾಲಾಗಿ ಒಂದೇ ಬಗೆಯಲ್ಲಿ ಆಗುತ್ತದೆಯೆಂದರೆ ಅದು ನಿಯಮ, ಅದೇ ವ್ಯಾಕರಣ. 'ಒಲ್ಲೆ' ಎಂಬ ಕ್ರಿಯಾಪದ ವಚನಗಳಲ್ಲಿದೆ. ನಮ್ಮ ಮಕ್ಕಳು ಊಟದ ತಟ್ಟೆಯ ಮುಂದೆ ಇಂದಿಗೂ ಅದನ್ನೇ ಆಡುತ್ತಾರೆ, ಬೆಂಗಳೂರಿನ ಮಕ್ಕಳು 'ಬೇಡ' ಅನ್ನುತ್ತಾರೆ. ನಮ್ಮ ಹಿರಿಯರ ಬಾಯಲ್ಲಿ ಬಟ್ಟೆಗೆ ಅರಿಬಿ, ಸಂಜೆಗೆ ಬೈಗು. 'ಸಂಜೆ' ಸಂಸ್ಕೃತದ ಸಂಧ್ಯೆಯಿಂದ ಬಂದ ತದ್ಭವ, 'ಬೈಗು' ಅಚ್ಚಗನ್ನಡ. ಹಳೆಯ ಕನ್ನಡವನ್ನು ಮನೆಯಲ್ಲಿ ಕಾಪಾಡಿಕೊಂಡು ಬಂದವರಿಗೆ ಕನ್ನಡ ಬಾರದು ಎನ್ನುವುದು ಯಾವ ನ್ಯಾಯ?

ಇದು ಬರಿಯ ಅಭಿಮಾನದ ಪ್ರಶ್ನೆಯಲ್ಲ. ತಿಳಿಯದಿದ್ದರೆ ಕೇಡಾಗುತ್ತದೆ. ಒಮ್ಮೆ ಆಸ್ಪತ್ರೆಯೊಂದರ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದಿದ್ದ ಹಳ್ಳಿಯ ತಾಯಿಯೊಬ್ಬರು "ಹೊಟ್ಟಿ ಭಾಳ ಕಡಿತೈತ್ರಿ" ಎಂದರು. ಹೊಸದಾಗಿ ಬಂದಿದ್ದ ವೈದ್ಯರ ಸೀಮೆಯಲ್ಲಿ 'ಕಡಿತ' ಎಂದರೆ ತುರಿಕೆ. ಅವರು ಹೊಟ್ಟೆಯ ಮೇಲಿನ ಚರ್ಮವನ್ನು ನೋಡಿ ಮುಲಾಮು ಬರೆಯತೊಡಗಿದರು. ಆ ತಾಯಿ ಹೇಳಿದ್ದು ಕರುಳು ಹಿಂಡುವ ನೋವನ್ನು. ಪಕ್ಕದಲ್ಲಿದ್ದ ದಾದಿ ಸ್ಥಳೀಯರಾದುದರಿಂದ ಕೂಡಲೇ ತಿದ್ದಿದರು. ದಾದಿ ಇಲ್ಲದ ದಿನ ಏನಾಗುತ್ತಿತ್ತು? ಹಾಗೆಯೇ 'ಬಂದಾನ' ಎಂದರೆ ನಮ್ಮಲ್ಲಿ ಬಂದಿದ್ದಾನೆ ಎಂದರ್ಥ. ಪುಸ್ತಕದ ಕನ್ನಡ ಮಾತ್ರ ಬಲ್ಲವರ ಕಿವಿಗೆ ಅದು 'ಬಂದಾನು', ಅಂದರೆ ಬಂದರೂ ಬರಬಹುದು, ಎಂದು ಕೇಳಿಸುತ್ತದೆ. ಸಾಕ್ಷಿ ಹೇಳುವ ಜಾಗದಲ್ಲಿ ಈ ಎರಡರ ನಡುವಿನ ಅಂತರ ಎಷ್ಟು ದೊಡ್ಡದೆಂದು ನಿಮ್ಮಲ್ಲಿ ವಕೀಲರಾಗಿರುವವರು ಬಲ್ಲಿರಿ.

ಗೌರವದ ವಿಷಯದಲ್ಲಂತೂ ಅಪಾರ್ಥ ಇನ್ನೂ ಹೆಚ್ಚು. ಪಿಂಚಣಿಗಾಗಿ ಕಚೇರಿಗೆ ಬಂದ ಅಜ್ಜಿಯೊಬ್ಬರು ಅಧಿಕಾರಿಯೊಬ್ಬರಿಗೆ "ಯಪ್ಪಾ, ನೀನಾ ನೋಡಬೇಕು" ಎಂದರು. ತಮ್ಮನ್ನು ಏಕವಚನದಲ್ಲಿ ಕರೆದರೆಂದು ಅಧಿಕಾರಿ ಸಿಡುಕಿ ಅರ್ಜಿಯನ್ನು ಬದಿಗಿಟ್ಟರು. 'ಯಪ್ಪಾ' ಎಂಬ ಕರೆಯಲ್ಲಿ ತಂದೆಯ ಸ್ಥಾನವನ್ನೇ ಕೊಟ್ಟಾಗಿತ್ತು. ಇಲ್ಲಿ ಹೆತ್ತವರನ್ನೂ ದೇವರನ್ನೂ 'ನೀನು' ಎಂದೇ ಕರೆಯುವುದು ರೂಢಿ. ಇನ್ನು ಕೆಲವರು ಸಿನಿಮಾದ ಹಾಸ್ಯದೃಶ್ಯಗಳಿಂದ ನಮ್ಮ ಮಾತನ್ನು ಕಲಿತು ಬರುತ್ತಾರೆ. ಎರಡು ತಿಂಗಳಲ್ಲಿ ಅವರ ಬಾಯಲ್ಲಿ 'ಏನ್ಲೇ', 'ಬಾರಲೇ' ನಲಿದಾಡುತ್ತವೆ. 'ಲೇ' ಎಂಬುದು ಓರಗೆಯವರ ನಡುವೆ, ಹಿರಿಯರು ಕಿರಿಯರೊಡನೆ, ಸಲಿಗೆಯಲ್ಲಿ ಆಡುವ ಮಾತು. ಬಿಳಿತಲೆಯ ರೈತನಿಗೆ ಅದನ್ನು ಆಡಿದವರು ನಮ್ಮ ಭಾಷೆಯನ್ನು ಕಲಿತವರಲ್ಲ, ಅಣಕಿಸಿದವರು. ಹಿರಿಯರಿಗೆ 'ಬರ್ರಿ', 'ಹೇಳ್ರಿ', 'ಕುಂದರ್ರಿ' ಎನ್ನುವುದೂ ಇದೇ ಭಾಷೆಯಲ್ಲಿದೆ. ಅಷ್ಟನ್ನು ಮೊದಲು ಕಲಿತರೆ ಸಾಕು.

"ಈಗ ಸಂವಿಧಾನದ ೩೭೧ಜೆ ವಿಧಿ ಬಂದಿದೆ, ಸ್ಥಳೀಯರಿಗೇ ಹುದ್ದೆ ಮೀಸಲು, ಇನ್ನೇನು ತೊಂದರೆ?" ಎಂದು ಕೇಳುವವರಿದ್ದಾರೆ. ಆ ವಿಧಿಯ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರ ಲೆಕ್ಕದಲ್ಲಿ ಬೀದರಿನವರೂ ಸ್ಥಳೀಯರೇ. ಬೀದರಿನ ಮಾತಿಗೂ ಹಡಗಲಿಯ ಮಾತಿಗೂ ಇರುವ ದೂರ ಸಣ್ಣದಲ್ಲ. ರಾಷ್ಟ್ರೀಕೃತ ಬ್ಯಾಂಕು, ರೈಲ್ವೆ, ಐಎಎಸ್ ಹುದ್ದೆಗಳು ಆ ಲೆಕ್ಕದ ಹೊರಗೇ ಇವೆ. ಆಡಳಿತದ ಫಲಕಗಳು ನಮ್ಮ ಪಾಲಿಗೆ ಬದಲಾಗುತ್ತಲೇ ಬಂದಿವೆ. ೧೯೫೩ರ ಅಕ್ಟೋಬರ್ ೧ರವರೆಗೆ ನಾವು ಮದರಾಸಿನವರು, ಅನಂತರ ಮೈಸೂರಿನವರು. ಹರಪನಹಳ್ಳಿ ೧೯೯೭ರಲ್ಲಿ ದಾವಣಗೆರೆಗೆ ಹೋಗಿ, ೨೦೧೮ರಲ್ಲಿ ಬಳ್ಳಾರಿಗೆ ಮರಳಿ, ೨೦೨೧ರಲ್ಲಿ ಉಳಿದ ನಾಲ್ಕು ತಾಲ್ಲೂಕುಗಳೊಡನೆ ವಿಜಯನಗರ ಜಿಲ್ಲೆಗೆ ಸೇರಿತು. ಫಲಕ ಯಾವುದಿದ್ದರೂ ಒಳಗೆ ಕುಳಿತವರು ನಮ್ಮ ಮಾತನ್ನು ಕಲಿಯಬೇಕೆಂದು ಯಾವ ಸರ್ಕಾರವೂ ಬರೆದಿಡಲಿಲ್ಲ. ಐಎಎಸ್ ಅಧಿಕಾರಿಗಳಿಗೆ ಕನ್ನಡದ ಪರೀಕ್ಷೆಯೇನೋ ಇದೆ. ಆ ಕನ್ನಡ ಕಡತದ ಕನ್ನಡ.

ಸಾಹಿತ್ಯದಲ್ಲಿ ಈ ಮಾತಿಗೆ ಮನ್ನಣೆ ಸಿಕ್ಕಿ ಎಷ್ಟೋ ಕಾಲವಾಯಿತು. ನಾಡನ್ನೆಲ್ಲ ನಗಿಸಿದ ಬೀchi ಎಂಬ ವಿಚಿತ್ರ ಹೆಸರಿನ, ನಾವೆಲ್ಲ ಬೀಚಿಯೆಂದೇ ಓದಿಕೊಂಡ, ರಾಯಸಂ ಭೀಮಸೇನರಾಯರು ೧೯೧೩ರಲ್ಲಿ ಹುಟ್ಟಿದ್ದು ಹರಪನಹಳ್ಳಿಯಲ್ಲಿ. ಕೊಟ್ಟೂರಿನ ಕುಂ. ವೀರಭದ್ರಪ್ಪನವರು ಈ ಸೀಮೆಯ ಆಡುಮಾತನ್ನೇ ಕಾದಂಬರಿಯ ಭಾಷೆಯಾಗಿಸಿದರು. ಅವರ 'ಅರಮನೆ'ಗೆ ೨೦೦೭ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಪುಸ್ತಕದಲ್ಲಿ ಓದುವಾಗ 'ಎಂಥ ಸೊಗಡು' ಎಂದು ತಲೆದೂಗುವವರೇ ಅದೇ ಮಾತನ್ನು ಕಚೇರಿಯ ಕಿಟಕಿಯಲ್ಲಿ ಕೇಳಿದಾಗ ಮುಖ ಸಿಂಡರಿಸುತ್ತಾರೆ. ಈ ಇಬ್ಬಂದಿತನಕ್ಕೆ ಏನೆನ್ನಬೇಕು?

ಇಂಥ ತಾತ್ಸಾರ ನಮ್ಮ ನಾಡಿಗಷ್ಟೇ ಸೀಮಿತವಲ್ಲ. ದೂರದ ಜಮೈಕಾ ದ್ವೀಪದಲ್ಲಿ ಗುಲಾಮರಾಗಿ ಬಂದ ಆಫ್ರಿಕಾದ ಜನ ಇಂಗ್ಲಿಷಿನ ಪದಗಳನ್ನು ತಮ್ಮದೇ ಜಾಡಿನಲ್ಲಿ ಹೆಣೆದು ಕಟ್ಟಿಕೊಂಡ ಪಾಟ್ವಾ ಎಂಬ ಭಾಷೆಯನ್ನು ಬಹುಕಾಲ 'ಮುರುಕು ಇಂಗ್ಲಿಷ್' ಎಂದು ಹಳಿಯುತ್ತಿದ್ದರು. ಕ್ಯಾಸಿಡಿ ಮತ್ತು ಲೆ ಪೇಜ್ ಎಂಬ ವಿದ್ವಾಂಸರು ೧೯೬೭ರಲ್ಲಿ ಜಮೈಕಾದ ಮಾತಿಗೆ ದೊಡ್ಡ ನಿಘಂಟನ್ನೇ ಪ್ರಕಟಿಸಿದರು; ೨೦೧೨ರಲ್ಲಿ ಬೈಬಲಿನ ಹೊಸ ಒಡಂಬಡಿಕೆ ಆ ಭಾಷೆಯಲ್ಲಿ ಅಚ್ಚಾಯಿತು. ಇಂದು ಹೊರಗಿನವರು ಅದನ್ನು ಕುಳಿತು ಕಲಿಯುತ್ತಾರೆ. ನಮ್ಮಲ್ಲೂ ಜರ್ಮನಿಯಿಂದ ೧೮೫೩ರಲ್ಲಿ ಬಂದ ಕಿಟೆಲ್ ಕನ್ನಡ ಕಲಿತು ೧೮೯೪ರಲ್ಲಿ ಮಹಾನಿಘಂಟನ್ನು ಕೊಟ್ಟರು. ಅಷ್ಟು ದೂರದಿಂದ ಬಂದವರಿಗೆ ಸಾಧ್ಯವಾದದ್ದು ಮೈಸೂರಿನಿಂದ ಬಂದವರಿಗೆ ಅಸಾಧ್ಯವೇ?

ಇಷ್ಟು ಓದಿ ತಲೆಯಾಡಿಸುತ್ತಿರುವ ನಮ್ಮವರಿಗೂ ಒಂದು ಮಾತು ಹೇಳಬೇಕು. ತಾಂಡಾದ ಬಾಗಿಲಲ್ಲಿ ನಾವೇ ಹೊರಗಿನವರು. ಈ ತಾಲ್ಲೂಕುಗಳಲ್ಲಿ ಲಂಬಾಣಿ ತಾಂಡಾಗಳು ಬಹಳ. ಅಲ್ಲಿಯ ಮಗುವಿಗೆ ತಾಯಿ 'ಯಾಡಿ', ರೊಟ್ಟಿ 'ಬಾಟಿ'. ಒಂದನೆಯ ತರಗತಿಯಲ್ಲಿ ತಾಯಿಯ ಚಿತ್ರ ತೋರಿಸಿದಾಗ ಆ ಮಗು 'ಯಾಡಿ' ಎಂದರೆ ಅದು ಸರಿಯುತ್ತರ. ಅದನ್ನು ತಪ್ಪೆಂದು ಗದರಿಸಿದ ಶಿಕ್ಷಕರಿದ್ದಾರೆ. ತಿಂಗಳುಗಟ್ಟಲೆ ಬಾಯಿ ಬಿಡದ ಮಗುವನ್ನು ದಡ್ಡ ಎಂದು ಕೊನೆಯ ಸಾಲಿಗೆ ಕಳಿಸಿದವರಿದ್ದಾರೆ. ೨೦೧೧ರ ಜನಗಣತಿಯಲ್ಲಿ ಲಮಾಣಿ, ಲಂಬಾಡಿ ಎಂದು ಬರೆಸಿದ ದೇಶದ ೩೨ ಲಕ್ಷಕ್ಕೂ ಹೆಚ್ಚು ಜನರನ್ನು ಹಿಂದಿಯ ಲೆಕ್ಕಕ್ಕೆ ಸೇರಿಸಿಬಿಟ್ಟರು. ಹೆಸರೂ ಉಳಿಯದ ಭಾಷೆಯ ಮಗುವನ್ನು ನಾವೂ ನಗೆಗೀಡು ಮಾಡಿದರೆ, ಬೆಂಗಳೂರಿನವರು ನಕ್ಕರೆಂದು ದೂರುವ ನೈತಿಕತೆ ನಮಗೆಲ್ಲಿ ಉಳಿಯುತ್ತದೆ?

ನಿಮ್ಮಲ್ಲಿ ಅನೇಕರು ಇಂದು ಬೇರೆ ಜಿಲ್ಲೆಗಳಲ್ಲಿ, ಬೇರೆ ರಾಜ್ಯಗಳಲ್ಲಿ ಹುದ್ದೆಯಲ್ಲಿದ್ದೀರಿ. ಅಲ್ಲಿಯ ಜನಕ್ಕೆ ನೀವೇ ಹೊರಗಿನವರು. ಹೋದ ಮೊದಲ ವಾರ ಒಂದು ಕಿರುಪುಸ್ತಕ ಇಟ್ಟುಕೊಳ್ಳಿ. ನೋವು, ಮಳೆ, ಬೆಳೆ, ಸಾಲ, ನೆಂಟಸ್ತಿಕೆಗಳಿಗೆ ಆ ಊರಿನವರು ಆಡುವ ಇನ್ನೂರು ಪದಗಳನ್ನು ಬರೆದುಕೊಳ್ಳಿ. ಜವಾನರನ್ನು, ಆಯಾ ಅವರನ್ನು ಕೇಳಿ. ಅವರೇ ನಿಮ್ಮ ಗುರುಗಳು. ಅರ್ಥವಾಗದಿದ್ದರೆ "ಇನ್ನೊಮ್ಮೆ ಹೇಳ್ರಿ" ಎನ್ನಲು ನಾಚಬೇಡಿ. ನಾಲಿಗೆಗಿಂತ ಮೊದಲು ಕಿವಿ ಪಳಗಲಿ. ಮೈಲಾರದ ಜಾತ್ರೆಯಲ್ಲಿ ಗೊರವಯ್ಯನವರು ಬಿಲ್ಲನ್ನೇರಿ ಕಾರಣಿಕ ನುಡಿಯುವ ಮುನ್ನ 'ಸದ್ದಲೇ' ಎಂದು ಕೂಗುವುದನ್ನು ನೀವೆಲ್ಲ ಕೇಳಿದ್ದೀರಿ. ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ, ಆಮೇಲೆ ನುಡಿ ಬರುತ್ತದೆ. ಹೊಸ ಊರಿಗೆ ಅಧಿಕಾರ ಹೊತ್ತು ಹೋಗುವವರು ತಮಗೆ ತಾವೇ ಆ ಕೂಗನ್ನು ಒಮ್ಮೆ ಹಾಕಿಕೊಳ್ಳಲಿ.