ಹಲ್ಲುನೋವಿಗೂ ಲಿಂಗಭೇದವೆ?

ಹಲ್ಲುನೋವು ಆಳು-ಅರಸರೆಂಬ ಭೇದವೆಣಿಸದು. ಆದರೆ ಆ ನೋವನ್ನು ಹೊತ್ತು ಚಿಕಿತ್ಸಾಲಯದ ಮೆಟ್ಟಿಲೇರುವವರಿಗೆ ದೊರೆಯುವ ಸ್ವಾಗತ ಎಲ್ಲರಿಗೂ ಒಂದೇ ಬಗೆಯದಲ್ಲ.

ಮುಂಬಯಿಯ ಲೋಕಲ್ ರೈಲುಗಳಲ್ಲಿ ಚಪ್ಪಾಳೆ ತಟ್ಟಿ ಕೈಚಾಚುವ ಹಿಜಡಾ ಸಮುದಾಯದವರನ್ನು ಕಾಣದ ಕನ್ನಡಿಗನಿರಲಾರನು. ಅವರಲ್ಲಿ ಕನ್ನಡ ನಾಡಿನಿಂದ ಬಂದವರೂ ಉಂಟು. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಳ್ಳುವ ಜೋಗಪ್ಪ-ಜೋಗತಿಯರ ಪರಂಪರೆಯಂತೂ ಅಪ್ಪಟ ಕನ್ನಡ ನೆಲದ್ದು. ಆ ಪರಂಪರೆಯ ಮಂಜಮ್ಮ ಜೋಗತಿಯವರು 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದಾಗ ಕನ್ನಡಿಗರು ಹೆಮ್ಮೆಪಟ್ಟರು. ಆದರೆ ಅದೇ ಸಮುದಾಯದ ಸಾಮಾನ್ಯ ವ್ಯಕ್ತಿಯೊಬ್ಬರು ದವಡೆ ಊದಿಸಿಕೊಂಡು ಆಸ್ಪತ್ರೆಗೆ ಹೋದರೆ ಏನಾಗುತ್ತದೆ?

ತೊಡಕು ಮೊದಲಾಗುವುದು ಕೇಸ್ ಪೇಪರಿನ ಕಿಟಕಿಯಲ್ಲಿಯೇ. ಗಂಡಸರ ಸಾಲೋ ಹೆಂಗಸರ ಸಾಲೋ? ಕಾಗದದಲ್ಲಿರುವುದು ಗಂಡು ಹೆಸರು, ಉಟ್ಟಿರುವುದು ಸೀರೆ. ಆ ಹೆಸರನ್ನು ತುಂಬಿದ ಮೊಗಸಾಲೆಯಲ್ಲಿ ಗಟ್ಟಿಯಾಗಿ ಕೂಗಿದೊಡನೆ ನಾಲ್ಕೂ ಕಡೆಯಿಂದ ತಲೆಗಳು ಹೊರಳುತ್ತವೆ, ಕಿಸಿಕಿಸಿ ನಗೆ ಕೇಳಿಸುತ್ತದೆ. ಮರುಭೇಟಿಗೆ ಬರಬೇಕಾದವರು ಬಾರದೆ ಉಳಿಯುವುದರಲ್ಲಿ ಸೋಜಿಗವೇನು? ಬೇರು ಚಿಕಿತ್ಸೆಗೆ ಅನೇಕ ವೇಳೆ ಎರಡು ಮೂರು ಭೇಟಿಗಳಾದರೂ ಬೇಕು. ಹಲ್ಲು ಕೀಳಿಸಲು ಒಂದೇ ಸಾಕು. ಅವಮಾನಕ್ಕೆ ಅಂಜುವವರು ಉಳಿಸಿಕೊಳ್ಳಬಹುದಾದ ಹಲ್ಲನ್ನೂ ಕೀಳಿಸಿಕೊಳ್ಳುತ್ತಾರೆ, ಇಲ್ಲವೇ ನೋವಿನ ಗುಳಿಗೆ ನುಂಗಿ ದಿನ ನೂಕುತ್ತಾರೆ.

ಖಾಸಗಿ ದಂತವೈದ್ಯರಲ್ಲಿ ಕೆಲವರು ಸೋಂಕಿನ ಭಯವನ್ನು ಮುಂದೊಡ್ಡುವುದುಂಟು. ಈ ವಾದ ಪರೀಕ್ಷೆಗೆ ನಿಲ್ಲದು. ಎಚ್.ಐ.ವಿ.ಯಾಗಲಿ ಹೆಪಟೈಟಿಸ್-ಬಿ ಆಗಲಿ ಯಾರ ರಕ್ತದಲ್ಲಿದೆಯೆಂಬುದು ಮುಖ ನೋಡಿದರೆ ತಿಳಿಯುವುದಿಲ್ಲ. ಆದುದರಿಂದಲೇ ಪ್ರತಿಯೊಬ್ಬ ರೋಗಿಗೂ ಒಂದೇ ಬಗೆಯ ಎಚ್ಚರಿಕೆ ವಹಿಸಬೇಕು, ಉಪಕರಣಗಳನ್ನು ಪ್ರತಿಬಾರಿಯೂ ಆಟೋಕ್ಲೇವಿನಲ್ಲಿ ಶುದ್ಧಗೊಳಿಸಬೇಕು ಎಂಬುದು ವೈದ್ಯಶಾಸ್ತ್ರದ ನಿಯಮ. ಹಿಜಡಾ ರೋಗಿಯ ಬಾಯಿಗಿಟ್ಟ ಇಕ್ಕಳ ಮುಂದಿನವರಿಗೆ ಅಪಾಯಕಾರಿಯಾಗುವಂತಿದ್ದರೆ, ಆ ಚಿಕಿತ್ಸಾಲಯ ಈಗಾಗಲೇ ಎಲ್ಲರಿಗೂ ಅಪಾಯಕಾರಿ!

ವಾಸ್ತವವಾಗಿ ಇವರ ಬಾಯಿಗೆ ಹೆಚ್ಚಿನ ನಿಗಾ ಅಗತ್ಯ. ಬೀದಿಯ ಬದುಕಿನಲ್ಲಿ ಹಸಿವನ್ನೂ ದಣಿವನ್ನೂ ಮರೆಸುವುದು ತಂಬಾಕು, ಗುಟಕಾ. ಅಡಿಕೆಯಿಂದ ಬಾಯಿ ತೆರೆಯಲಾಗದಂತೆ ಬಿಗಿಯುವ ರೋಗವೂ ಕ್ಯಾನ್ಸರಿಗೆ ಮುನ್ನ ಕಾಣುವ ಬಿಳಿಮಚ್ಚೆಯೂ ದಂತವೈದ್ಯರ ಕಣ್ಣಿಗೇ ಮೊದಲು ಬೀಳತಕ್ಕವು. ಹಾರ್ಮೋನುಗಳ ಏರಿಳಿತದಿಂದ ವಸಡು ಊದಬಹುದು. ರೋಗಿ ಸೇವಿಸುತ್ತಿರುವ ಔಷಧಗಳ ವಿವರ ತಿಳಿಯದೆ ಶಸ್ತ್ರಚಿಕಿತ್ಸೆಗೆ ಕೈಹಾಕುವುದು ಕ್ಷೇಮವಲ್ಲ. ಗದರುವ ವೈದ್ಯರ ಮುಂದೆ ಅದನ್ನೆಲ್ಲ ಯಾರು ಹೇಳಿಕೊಂಡಾರು?

ಕಾನೂನು ಮೌನವಾಗಿಲ್ಲ. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ತೃತೀಯ ಲಿಂಗಕ್ಕೆ ಮನ್ನಣೆಯಿತ್ತಿತು. 2011ರ ಜನಗಣತಿಯಲ್ಲಿ ಗಂಡೂ ಅಲ್ಲದ ಹೆಣ್ಣೂ ಅಲ್ಲದ ‘ಇತರೆ’ ಎಂಬ ಅಂಕಣದಲ್ಲಿ ಸುಮಾರು 4.88 ಲಕ್ಷ ಮಂದಿ ದಾಖಲಾಗಿದ್ದರು. 2019ರ ಕಾಯಿದೆಯು ಆರೋಗ್ಯಸೇವೆಯಲ್ಲಿ ತಾರತಮ್ಯವನ್ನು ನಿಷೇಧಿಸಿತು. 2022ರಲ್ಲಿ ಆಯುಷ್ಮಾನ್ ಭಾರತದಡಿ ವರ್ಷಕ್ಕೆ 5 ಲಕ್ಷ ರೂಪಾಯಿಗಳ ವಿಮೆಯೂ ಘೋಷಿತವಾಯಿತು. ಆದರೆ ಅಂತಹ ವಿಮೆ ಬಹುಮಟ್ಟಿಗೆ ಒಳರೋಗಿಗಳಿಗಾಗಿ ರೂಪಿತವಾದುದು; ಹುಳುಕು ತುಂಬಿಸುವ, ವಸಡು ಶುಚಿಗೊಳಿಸುವ ನಿತ್ಯದ ಕೆಲಸಕ್ಕೆ ಒದಗದು.

ಹೊರನಾಡಿನ ಕನ್ನಡ ಸಂಘಗಳು ದಂತ ತಪಾಸಣಾ ಶಿಬಿರಗಳನ್ನು ನಡೆಸುವುದುಂಟು. ಅವುಗಳ ಆಮಂತ್ರಣವನ್ನು ಕಾಮಾಠಿಪುರದ ಗಲ್ಲಿಗಳಿಗೂ ಮುಟ್ಟಿಸುವುದು ಕಷ್ಟವಲ್ಲ. ಹೆಸರು ಬರೆದುಕೊಳ್ಳುವ ಮೇಜಿನಲ್ಲಿ ಕುಳಿತ ಸ್ವಯಂಸೇವಕರು, ‘ನಿಮ್ಮನ್ನು ಏನೆಂದು ಕರೆಯಬೇಕು?’ ಎಂದು ಕೇಳಿ, ಆ ಹೆಸರನ್ನೇ ಚೀಟಿಯಲ್ಲಿ ಬರೆದರೆ ಅದಕ್ಕೆ ತಗಲುವ ಖರ್ಚು ಒಂದು ಪೈಸೆಯೂ ಇಲ್ಲ.