ತಂತಿಯಿಲ್ಲದ ಕೀಲಿಮಣೆ: ದೋಷವಿರುವುದೆಲ್ಲಿ?

ಯಂತ್ರವೊಂದು ಹೇಳಿದಂತೆ ಕೇಳದಿದ್ದರೆ ಅದನ್ನು ಆರಿಸಿ ಮತ್ತೆ ಹಚ್ಚುವುದು ಈಗ ಸರ್ವರೋಗಗಳಿಗೂ ಒಂದೇ ಮದ್ದೆಂಬಂತಾಗಿದೆ. ಟ್ಯಾಬ್ಲೆಟ್ಟಿಗೆ ತಂತಿಯಿಲ್ಲದ ಕೀಲಿಮಣೆಯನ್ನು ಜೋಡಿಸಹೊರಟವರು ಈ ಮದ್ದನ್ನು ಹತ್ತಾರು ಸಲ ಪ್ರಯೋಗಿಸಿ, ಕೊನೆಗೆ ಕೀಲಿಮಣೆಯೇ ಕೆಟ್ಟಿತೆಂದು ನಿರ್ಣಯಿಸಿ ಹೊಸದನ್ನು ಕೊಳ್ಳುವುದುಂಟು. ಇದು ಹಣದ ನಷ್ಟವಷ್ಟೇ ಅಲ್ಲ. ಕಾರಣವನ್ನು ವಿಚಾರಿಸದೆ ಫಲವನ್ನು ಮಾತ್ರ ಬಯಸುವ ಅಭ್ಯಾಸದ ಕುರುಹೂ ಹೌದು. ಈ ಜೋಡಣೆಯ ಹಿಂದಿರುವ ತತ್ತ್ವವೇನೂ ದುರೂಹವಾದುದಲ್ಲ. ಅದನ್ನು ಅರಿತವರಿಗೆ ಪರಿಹಾರದ ಕ್ರಮವೂ ತಾನಾಗಿ ಹೊಳೆಯುತ್ತದೆ ಎಂಬುದೇ ನನ್ನ ವಾದ.

ಮೊದಲು ಅಲೆಗಳ ವಿಚಾರ. ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯಲ್ಲಿ 1994ರಲ್ಲಿ ಮೊಳೆತ ಬ್ಲೂಟೂತ್ ಪದ್ಧತಿಗೆ ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆಯೊಬ್ಬನ ಹೆಸರನ್ನಿಟ್ಟಿದ್ದಾರೆ. ಅದು ಬಳಸುವುದು ಸೆಕೆಂಡಿಗೆ 240 ಕೋಟಿಗಿಂತ ತುಸು ಹೆಚ್ಚು ಬಾರಿ ಕಂಪಿಸುವ, ಸುಮಾರು 12 ಸೆಂಟಿಮೀಟರ್ ತರಂಗದೂರದ ರೇಡಿಯೋ ಅಲೆಗಳನ್ನು. ವೈ-ಫೈ ಹಾಗೂ ಅಡುಗೆಮನೆಯ ಮೈಕ್ರೋವೇವ್ ಒಲೆಗಳೂ ಇದೇ ಪಟ್ಟಿಯಲ್ಲಿ ವ್ಯವಹರಿಸುತ್ತವೆ. ಇಂಥ ಗದ್ದಲದಲ್ಲಿ ಮಾತು ಕೇಳುವುದು ಹೇಗೆ? ಒಂದೇ ಹಾದಿಯನ್ನು ನಂಬದೆ ಹಾದಿಯಿಂದ ಹಾದಿಗೆ ಜಿಗಿಯುವುದೇ ಉಪಾಯ. ಮೊದಲ ಬಗೆಯ ಬ್ಲೂಟೂತ್ 79 ಹಾದಿಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯುತ್ತದೆ. ಮಿತವ್ಯಯದ ಹೊಸ ಬಗೆಗೆ 40 ಹಾದಿಗಳಿವೆ. ಚಿತ್ರನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ ಇಂಥದೇ ಜಿಗಿತದ ಉಪಾಯವೊಂದಕ್ಕೆ 1942ರಲ್ಲಿಯೇ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದರೆಂಬುದು ಸ್ವಾರಸ್ಯದ ಸಂಗತಿ. ಆದ್ದರಿಂದ ಬ್ಯಾಟರಿಯಲ್ಲಿ ಬಲವಿದ್ದು, ಎರಡೂ ಒಂದೇ ಮೇಜಿನ ಮೇಲಿದ್ದರೆ, ತಪ್ಪನ್ನು ಅಲೆಗಳ ಮೇಲೆ ಹೊರಿಸುವುದು ಬಹುಮಟ್ಟಿಗೆ ಅನ್ಯಾಯ.

ದೋಷವಿರುವುದು ಹೆಚ್ಚಾಗಿ ನೆನಪಿನಲ್ಲಿ. ಜೋಡಣೆಯೆಂದರೆ ಎರಡು ಯಂತ್ರಗಳ ಮೊದಲ ಪರಿಚಯ. ಆ ಸಮಯದಲ್ಲಿ ಅವೆರಡೂ ಒಂದು ಗಣಿತಕ್ರಮದಿಂದ ಸಮಾನವಾದ ಗುಪ್ತಸಂಖ್ಯೆಯೊಂದನ್ನು ತಂತಮ್ಮಲ್ಲಿ ನಿರ್ಮಿಸಿ ಕಾಪಿಡುತ್ತವೆ. ಗುಪ್ತಸಂಖ್ಯೆ ಗಾಳಿಯಲ್ಲಿ ಸಾಗುವುದೇ ಇಲ್ಲ; ಡಿಫಿ ಮತ್ತು ಹೆಲ್ಮನ್ ಎಂಬಿಬ್ಬರು 1976ರಲ್ಲಿ ಪ್ರಕಟಿಸಿದ ತತ್ತ್ವವೇ ಇದಕ್ಕೆ ಆಧಾರ. ಒಂದೇ ಚೀಟಿಯನ್ನು ಎರಡಾಗಿ ಹರಿದು ಇಬ್ಬರು ಇಟ್ಟುಕೊಂಡು, ಮುಂದಿನ ಭೇಟಿಯಲ್ಲಿ ಅಂಚುಗಳನ್ನು ಕೂಡಿಸಿ ನೋಡುವಂತೆ, ಯಂತ್ರಗಳು ಪ್ರತಿ ಸಲವೂ ಪರಸ್ಪರ ಪರೀಕ್ಷಿಸುತ್ತವೆ. ಒಬ್ಬರ ಚೀಟಿ ಕಳೆದರೆ ಇನ್ನೊಬ್ಬರ ಚೀಟಿ ನಿರರ್ಥಕ. ಟ್ಯಾಬ್ಲೆಟ್ ಮರೆತು ಕೀಲಿಮಣೆ ನೆನಪಿಟ್ಟರೂ, ಕೀಲಿಮಣೆ ಮರೆತು ಟ್ಯಾಬ್ಲೆಟ್ ನೆನಪಿಟ್ಟರೂ ಫಲ ಒಂದೇ: ಸಂಪರ್ಕ ಕೂಡಿಬರುವುದಿಲ್ಲ. ಆರಿಸಿ ಹಚ್ಚುವುದರಿಂದ ಕಳೆದ ಚೀಟಿ ಮರಳಿ ಬರುವುದಿಲ್ಲವಷ್ಟೆ.

ಹಾಗಾದರೆ ಕ್ರಮವೇನು? ಕೀಲಿಮಣೆ ಬ್ಲೂಟೂತಿನದೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಜೊತೆಗೆ ಬರುವ ಪುಟ್ಟ ರಿಸೀವರಿನೊಡನೆ ಮಾತ್ರ ಮಾತನಾಡುವ ಕೀಲಿಮಣೆಗಳೂ ಉಂಟು. ಆ ಬಳಿಕ ಬ್ಯಾಟರಿ. ಅನಂತರ, ಅದು ಹಿಂದೆ ಕೂಡಿದ್ದ ಫೋನು ಪಕ್ಕದ ಕೋಣೆಯಿಂದಲೇ ಅದನ್ನು ಸೆಳೆದುಕೊಳ್ಳುತ್ತಿದೆಯೇ ಎಂದು ನೋಡಿ, ಆ ಫೋನಿನ ಬ್ಲೂಟೂತನ್ನು ಆರಿಸಬೇಕು. ಆಮೇಲೆ ಟ್ಯಾಬ್ಲೆಟ್ಟಿನ ಸೆಟ್ಟಿಂಗ್ಸಿನಲ್ಲಿ ಹಳೆಯ ಹೆಸರನ್ನು ಅಳಿಸಿ, ಕೀಲಿಮಣೆಯ ಜೋಡಣೆಯ ಗುಂಡಿಯನ್ನು ದೀಪ ಬೇಗಬೇಗ ಮಿನುಗುವವರೆಗೆ ಒತ್ತಿಹಿಡಿದು, ಎರಡೂ ಕಡೆಯಿಂದ ಹೊಸದಾಗಿ ಪರಿಚಯ ಮಾಡಿಸಬೇಕು. ತೆರೆಯ ಮೇಲೆ ಆರು ಅಂಕಿಗಳು ಮೂಡಿದರೆ ಅವನ್ನು ಒತ್ತಬೇಕಾದುದು ಆ ಕೀಲಿಮಣೆಯಲ್ಲಿಯೇ. ಕೊನೆಗೆ ಎಂಟರ್ ಕೀಲಿಯನ್ನೂ ಒತ್ತಬೇಕು. ಎಂಟರ್ ಒತ್ತದೆ ಕಾಯುತ್ತ ಕುಳಿತು ನಿರಾಶರಾದವರು ಅನೇಕರು.

ಈ ಆರು ಅಂಕಿಗಳನ್ನು ಕಿರಿಕಿರಿಯೆಂದು ಭಾವಿಸುವವರಿದ್ದಾರೆ. ಈ ಭಾವನೆಯನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ನಮ್ಮ ಪತ್ರ, ಲೆಕ್ಕ, ಬ್ಯಾಂಕಿನ ಗುಪ್ತಪದ ಎಲ್ಲವೂ ಕೀಲಿಮಣೆಯ ಮೂಲಕವೇ ಹಾಯುತ್ತವೆ. ತೆರೆಯಲ್ಲಿ ಕಂಡುದನ್ನು ಕೈಯಿಂದ ಒತ್ತಿದಾಗ ಮಾತ್ರ, ಮಾತನಾಡುತ್ತಿರುವುದು ನಮ್ಮ ಕೀಲಿಮಣೆಯೇ ಹೊರತು ನಡುವೆ ನುಸುಳಿದ ಅನ್ಯಯಂತ್ರವಲ್ಲವೆಂಬುದಕ್ಕೆ ಪ್ರಮಾಣ ದೊರೆಯುತ್ತದೆ. ಮಾರ್ಕ್ ನ್ಯೂಲಿನ್ ಎಂಬ ಸಂಶೋಧಕರು 2023ರ ಡಿಸೆಂಬರಿನಲ್ಲಿ ಹೊರಗೆಡಹಿದ ದೋಷವನ್ನು ಇಲ್ಲಿ ನೆನೆಯಬೇಕು: ಒಡೆಯನ ಒಪ್ಪಿಗೆಯಿಲ್ಲದೆಯೇ ಹುಸಿ ಕೀಲಿಮಣೆಯೊಂದು ಆಂಡ್ರಾಯ್ಡ್ ಯಂತ್ರಗಳಿಗೆ ಜೋಡಿಕೊಂಡು ತನಗೆ ಬೇಕಾದುದನ್ನು ಒತ್ತಬಹುದಾಗಿತ್ತು. 11ರಿಂದ 14ರವರೆಗಿನ ಆವೃತ್ತಿಗಳಿಗೆ ತಿದ್ದುಪಡಿ ಹೊರಟಿತು. 10 ಮತ್ತು ಅದಕ್ಕೂ ಹಿಂದಿನವಕ್ಕೆ ಹೊರಡಲಿಲ್ಲ. ಅಂಕಿಯನ್ನೇ ಕೇಳದೆ ಜೋಡಿಕೊಳ್ಳುವ ಕೀಲಿಮಣೆಗಳನ್ನು ತಯಾರಿಸುವವರು ಸೌಲಭ್ಯದ ನೆಪ ಹೇಳುತ್ತಾರೆ. ಮೌಸಿಗೆ ಅಂಕಿಗಳ ಕೀಲಿಯಿಲ್ಲವೆಂಬ ನೆಪವಾದರೂ ಉಂಟು. ಕೀಲಿಮಣೆಗೆ ಯಾವ ನೆಪ?

ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಅಂಗಡಿಯಲ್ಲಿ ‘ಕನ್ನಡ ಕೀಲಿಮಣೆ’ಯನ್ನು ಹುಡುಕುವವರು ಅರಿಯಬೇಕಾದುದೆಂದರೆ, ಕೀಲಿಮಣೆಗೆ ಲಿಪಿಯೇ ತಿಳಿಯದು. ಅದು ಕಳುಹಿಸುವುದು ಒತ್ತಿದ ಕೀಲಿಯ ಸಂಖ್ಯೆಯನ್ನು ಮಾತ್ರ. ಇಂಗ್ಲಿಷಿನ ‘ಎಚ್’ ಕೀಲಿಯನ್ನು ಒತ್ತಿದರೆ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ‘ಪ’, ಕೆ. ಪಿ. ರಾವ್ ವಿನ್ಯಾಸದಲ್ಲಿ ‘ಹ’ ಮೂಡುತ್ತದೆ, ನಿರ್ಣಯ ಟ್ಯಾಬ್ಲೆಟ್ಟಿನದು. ಆದುದರಿಂದ ಅಕ್ಷರ ತಪ್ಪಾಗಿ ಮೂಡಿದರೆ ಜೋಡಣೆಯನ್ನು ಕೆದಕದೆ, ಟ್ಯಾಬ್ಲೆಟ್ಟಿನಲ್ಲಿ ಭೌತಿಕ ಕೀಲಿಮಣೆಗೆ ಆಯ್ದ ವಿನ್ಯಾಸವನ್ನು ನೋಡಬೇಕು.

ಇಷ್ಟನ್ನು ತಿಳಿಸಲು ಒಂದು ಪುಟ ಸಾಕು. ಕನ್ನಡನಾಡಿನಲ್ಲಿ ಮಾರುವ ಕೀಲಿಮಣೆಯ ಪೆಟ್ಟಿಗೆಯಲ್ಲಿ ಆ ಪುಟವು ಕನ್ನಡದಲ್ಲಿರಲೆಂದು ಕೇಳುವುದು ಅತಿಯಾಸೆಯಲ್ಲ. ಶಾಲೆಯ ಭೌತವಿಜ್ಞಾನದ ಪಾಠದಲ್ಲಿ ಅಲೆಗಳನ್ನು ಬೋಧಿಸುವಾಗ, ಕೈಯಲ್ಲಿರುವ ಈ ಯಂತ್ರವನ್ನೇ ಉದಾಹರಣೆಯಾಗಿ ಎತ್ತಿಕೊಳ್ಳಲು ಅಡ್ಡಿಯೇನು? ಬಳಸುವವನಿಗೆ ತತ್ತ್ವ ತಿಳಿಯದಿದ್ದರೆ ಯಂತ್ರ ಅವನನ್ನು ಆಳುತ್ತದೆ. ತಿಳಿದರೆ ಅದು ಬರಿಯ ಉಪಕರಣ.