ಬೆಟ್ಟದ ಮೇಲಿನ ಫ್ಯಾನು ಅಳಿಸಿದ್ದೆ

ಹೋದ ದಸರಾ ರಜೆಯಲ್ಲಿ ನಮ್ಮೂರ ಬೆಟ್ಟದ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಿದ್ದೆ. ಹಸಿರು ಬೆಟ್ಟ, ಮೇಲೆ ಮೋಡ, ಕೆಳಗೆ ತೆಂಗಿನ ತೋಟ. "ಮಗಾ, ಇದು ನಿಮ್ ದುರ್ಗಾನಾ, ಚಿಕ್ಕಮಗಳೂರಾ?" ಅಂತ ಹಾಸ್ಟೆಲ್ ಹುಡುಗರು ಕೇಳಿದ್ರು. ಭಾರಿ ಖುಷಿಯಾಯ್ತು. ಸಂಜೆ ಅದನ್ನೇ ಮಾವನಿಗೆ ತೋರಿಸಿದೆ. ಅವರು ಫೋನನ್ನು ಕಣ್ಣಿನ ಹತ್ತಿರ ಹಿಡಿದು, "ಫ್ಯಾನೆಲ್ಲಿ ಹೋದ್ವು ಅಳಿಯಾ?" ಅಂದ್ರು.

ಅಳಿಸಿದ್ದೆ. ಬೆರಳಾಡಿಸಿದರೆ ಸಾಕು, ಏಳು ಗಾಳಿಯಂತ್ರಗಳು ಒಂದೇ ನಿಮಿಷದಲ್ಲಿ ಮಾಯ. ಮಾವ ಎಂಟು ವರ್ಷದಿಂದ ಆ ಫ್ಯಾನುಗಳ ಕಾವಲು ಕಾಯುತ್ತಿದ್ದಾರೆ. ನನ್ನ ಮೊದಲ ವರ್ಷದ ಫೀಸಿನಲ್ಲಿ ಅರ್ಧ ಆ ಸಂಬಳದ್ದು. ಅವರು ನಕ್ಕು ಸುಮ್ಮನಾದ್ರು. ನಂಗೆ ಮಾತ್ರ ಊಟ ಸೇರಲಿಲ್ಲ.

ದುರ್ಗ ಅಂದ್ರೆ ಕೋಟೆ, ಓಬವ್ವನ ಕಿಂಡಿ ಅಷ್ಟೇ ಅಂದುಕೊಂಡವರಿಗೆ ಹೇಳ್ತೀನಿ. ಹೆದ್ದಾರಿಯಲ್ಲಿ ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಬರುವಾಗ ಎಡಗಡೆ ಒಂದು ಗುಡ್ಡದ ಸಾಲು ಕಾಣುತ್ತಲ್ಲ, ಅದು ಜೋಗಿಮಟ್ಟಿಯಿಂದ ಹೊಸದುರ್ಗದ ಕಡೆಗೆ ಇಳಿಯುತ್ತೆ. ಅದೇ ಸಾಲಿನ ಒಂದು ಕಣಿವೆಗೆ ಗೋಡೆ ಕಟ್ಟಿ ವೇದಾವತಿಯನ್ನು ನಿಲ್ಲಿಸಿದ್ದು ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ. 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಹರಿದದ್ದು 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷದ ಮೇಲೆ. ಅವತ್ತು ಊರಿಗೆ ಊರೇ ಫೋನ್ ಹಿಡಿದು ನಿಂತಿತ್ತು. ಎಲ್ಲರೂ ತೆಗೆದದ್ದು ನೀರಿನ ಫೋಟೊ. ಬೆಟ್ಟ ಹಿಂದುಗಡೆ ತಾನಾಗಿ ಬಂದಿತ್ತು. ಯಾರೂ ಅದನ್ನು ತಿದ್ದಲಿಲ್ಲ. ಹಾಗಾಗಿ ನನ್ನ ಗ್ಯಾಲರಿಯಲ್ಲಿ ಬೆಟ್ಟ ಬೆಟ್ಟದ ಹಾಗೇ ಇರೋದು ಆ ಫೋಟೊಗಳಲ್ಲೇ.

ನಮ್ಮದು ಬಯಲುಸೀಮೆ. ವರ್ಷದಲ್ಲಿ ನಾಲ್ಕೈದು ತಿಂಗಳು ಬೆಟ್ಟ ಹಸಿರು, ಉಳಿದಂತೆ ಕಂದು. ನಾವು ಹಾಕೋದು ಹಸಿರಿನ ಫೋಟೊ ಮಾತ್ರ, ಅದಕ್ಕೂ ಫಿಲ್ಟರ್ ಬಳಿದು. ನಮ್ಮ ಬೆಟ್ಟವನ್ನು ಮಲೆನಾಡಿನ ಡುಪ್ಲಿಕೇಟ್ ಮಾಡೋದಕ್ಕೆ ಇಷ್ಟು ಒದ್ದಾಟ ಯಾಕೆ? ಇದನ್ನು ಪ್ರೀತಿ ಅಂತ ಕರೆಯೋಕೆ ನನಗೆ ಈಗ ಮನಸ್ಸು ಬರಲ್ಲ. ಇದು ನಾಚಿಕೆ.

ಫ್ಯಾನು ಚೆಂದ ಅಂತ ವಾದ ಮಾಡ್ತಿಲ್ಲ. ಅವುಗಳ ರೆಕ್ಕೆ ಸಾಗಿಸಲು ಬೆಟ್ಟಕ್ಕೆ ಕೊರೆದ ರಸ್ತೆ ಗಾಯದ ಹಾಗೆ ಕೆಂಪಗೆ ಕಾಣುತ್ತೆ. ಅದೂ ಫೋಟೊದಲ್ಲಿ ಇರಲಿ ಅನ್ನೋದೇ ನನ್ನ ಮಾತು. ಎಲೆಕ್ಟ್ರಿಕಲ್ ಓದುವ ನಾನು ಕ್ಲಾಸಲ್ಲಿ ಟರ್ಬೈನ್ ಬಗ್ಗೆ ಸೆಮಿನಾರ್ ಕೊಟ್ಟು, ಊರಿನ ಟರ್ಬೈನನ್ನು ಒರೆಸಿ ಹಾಕೋದು ತಮಾಷೆಯೇ ಸರಿ.

ನನ್ನ ರೂಮ್‌ಮೇಟ್ ಹೊಳಲ್ಕೆರೆ ಕಡೆಯವನು. ಅವನ ಊರ ಗುಡ್ಡವನ್ನು ಕಬ್ಬಿಣದ ಅದಿರಿಗಾಗಿ ಅಗೆದಿದ್ದರು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆಗೆ ತಡೆ ಕೊಟ್ಟಾಗ ಇವನಿನ್ನೂ ಅಂಗನವಾಡಿ. ಗುಡ್ಡದ ಮೊದಲಿನ ತಲೆ ಹೇಗಿತ್ತು ಅಂತ ಅವನಿಗೆ ಗೊತ್ತಿಲ್ಲ. ಮನೆಯಲ್ಲಿ ಹುಡುಕಿದರೆ ಸಿಕ್ಕಿದ್ದು ಒಂದೇ ಫೋಟೊ: ಅತ್ತೆಯ ಮದುವೆ ಆಲ್ಬಮ್ಮಿನಲ್ಲಿ, ಚಪ್ಪರದ ಹಿಂದೆ, ಮಸುಕಾಗಿ. ಯಾರೋ ಅಡ್ಡ ನಿಂತು ಅರ್ಧ ಗುಡ್ಡ ಮುಚ್ಚಿದ್ದಾರೆ. ಅದನ್ನೇ ಅವನು ಸ್ಕ್ಯಾನ್ ಮಾಡಿ ಇಟ್ಟುಕೊಂಡಿದ್ದಾನೆ. ಆಗ ಯಾರಾದರೂ ಸುಮ್ಮನೆ ಒಂದು ಕ್ಲಿಕ್ ಮಾಡಿದ್ದರೆ ಅನ್ನಿಸುತ್ತೆ.

ಈಗ ಊರಿಗೆ ಹೋದಾಗಲೆಲ್ಲ ಬಸ್‌ಸ್ಟಾಪಿನ ಹುಣಸೆಮರದ ಬುಡದಲ್ಲೇ ನಿಂತು, ಅದೇ ಝೂಮ್ ಇಟ್ಟು ಒಂದು ಫೋಟೊ ತೆಗೀತೀನಿ. ವೈಡ್ ಲೆನ್ಸ್ ಬೇಡ, ಅದರಲ್ಲಿ ಬೆಟ್ಟ ಇಲಿಯಾಗುತ್ತೆ. ಬೆಟ್ಟ ನಮಗೆ ಪಡುವಣಕ್ಕೆ ಇರೋದರಿಂದ ಬೆಳಗ್ಗೆ ಏಳರ ಬಿಸಿಲು ಚೆನ್ನ. ಸಂಜೆ ಬರೀ ಕಪ್ಪು ಗೆರೆ ಸಿಗುತ್ತೆ. ಮಾರ್ಚ್‌ನದು ಬೋಳು ಬೆಟ್ಟ, ಒಂದು ಕಡೆ ಹುಲ್ಲಿಗೆ ಬೆಂಕಿ ಬಿದ್ದ ಕರಿ ಕಲೆ. ಲೈಕು ಹನ್ನೊಂದು. ಮಾವನಿಗೂ ಕಳಿಸಿದೆ. ಐದೇ ನಿಮಿಷಕ್ಕೆ ವಾಯ್ಸ್ ಮೆಸೇಜ್ ಬಂತು: "ಎಡಗಡೆಯಿಂದ ಮೂರನೇದು ನಿಂತೈತೆ ನೋಡು ಅಳಿಯಾ, ರಿಪೇರಿಯವರು ನಾಳೆ ಬರ್ತಾರಂತೆ."